ಬನ್ನಮ್ಮನ ಬಾಯಿಗೆ ಬಾರದ ಸಾಲು

ನಮ್ಮ ಬೇಕರಿಯ ಒಳಕೋಣೆಯಲ್ಲಿ ಗಡಿಯಾರವಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನೇ ಒಂದನ್ನು ತಂದು ಗೋಡೆಗೆ ತೂಗುಹಾಕಿದ್ದೆ. ಭಟ್ಟಿಯ ಝಳಕ್ಕೆ ಅದು ಬಹಳ ದಿನ ಬಾಳಲಿಲ್ಲ. ಅದು ನಿಂತುಹೋದ ದಿನ ಅತ್ತೆ ತಲೆ ಎತ್ತಿ ನೋಡಿ, "ಪಾಪ, ಅದಕ್ಕೆ ಕೀರ್ತನೆ ಬಾಯಿಪಾಠ ಇರಲಿಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಅತ್ತೆ ನನ್ನನ್ನು ಹಂಗಿಸಿದ್ದಲ್ಲ, ಇದ್ದ ಸಂಗತಿ ಹೇಳಿದ್ದು. ಅವರು ಹೊತ್ತು ಅಳೆಯುವುದೇ ಬೈಬಲಿನಿಂದ.

ರಸ್ಕಿಗೆ, ಸಾಲುಸಾಲಿಗೂ ದೇವರ ಕೃಪೆಯನ್ನೇ ಮತ್ತೆ ಮತ್ತೆ ಹೇಳುವ ಒಂದು ಉದ್ದನೆಯ ಕೀರ್ತನೆ. ಹಾಲಿನ ಬ್ರೆಡ್ಡಿಗೆ, ದೇವರೇ ನನ್ನ ಕುರುಬ ಎನ್ನುವ ಕೀರ್ತನೆ. ಅದೂ ಒಂದು ಸಲವಲ್ಲ. ಅದರಲ್ಲಿ ಬರುವ ಹಸಿರು ಹುಲ್ಲಿನಿಂದ ಕತ್ತಲ ಕಣಿವೆಗೆ ಹೋಗಿ ಬಂದು, ಮತ್ತೆ ಹೋಗಿ ಬಂದು, ಬ್ರೆಡ್ಡಿನ ಘಮ ಕೋಣೆ ತುಂಬುವವರೆಗೆ. ಬಿಸ್ಕತ್ತಿಗಾದರೆ ಪುಟ್ಟದೊಂದು ಸ್ತೋತ್ರ ಸಾಕು. ಇದೆಲ್ಲ ನಡೆಯುತ್ತದೆಯೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ನಾಲಿಗೆಗೂ ಒಂದು ನಡಿಗೆಯಿದೆ, ಅತ್ತೆಯ ನಾಲಿಗೆ ಅವಸರದಲ್ಲಿ ನಡೆದದ್ದನ್ನು ಒಂದೇ ಒಂದು ದಿನ ಬಿಟ್ಟರೆ ನಾನು ಕಂಡಿಲ್ಲ.

ಬೀದಿಯವರು ಅವರನ್ನು ಬನ್ನಮ್ಮ ಎನ್ನುತ್ತಾರೆ. ಕುಳ್ಳಗೆ, ಗಟ್ಟಿಮುಟ್ಟಾಗಿ, ಮೊಣಕೈವರೆಗೂ ಭಟ್ಟಿಯ ಬಾಗಿಲು ತಗುಲಿದ ಹಳೆಯ ಸುಟ್ಟ ಗುರುತುಗಳೊಂದಿಗೆ ಇರುವ ಹೆಂಗಸು. ಕನ್ನಡಕದ ಗಾಜಿನ ಮೇಲೆ ಯಾವಾಗಲೂ ಮೈದಾ. ನಸುಕಿನಲ್ಲಿ ಎದ್ದು ಹಿಟ್ಟು ನಾದಿ, ಅದು ಉಬ್ಬುವಷ್ಟು ಹೊತ್ತು ಮೂಲೆಯ ಸ್ಟೂಲಿನ ಮೇಲೆ ಕುಳಿತು ಬೈಬಲ್ ಓದುತ್ತಾರೆ. ಅವರ ಬೈಬಲಿನ ವಾಸ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಪುಟ ತಿರುವಿದರೆ ಹಿಟ್ಟು ಉದುರುತ್ತದೆ, ಕೀರ್ತನೆಗಳ ಭಾಗವಂತೂ ಜಿಡ್ಡುಗಟ್ಟಿ ಆಚೆ ಪುಟ ಈಚೆಗೆ ಕಾಣುತ್ತದೆ.

"ದೇವರ ವಾಕ್ಯಕ್ಕೂ ಬೆಣ್ಣೆ ಸವರಿಬಿಟ್ಟಿದ್ದೀರಲ್ಲ, ಅತ್ತೆ" ಎಂದು ನಾನು ಒಮ್ಮೆ ರೇಗಿಸಿದೆ.

"ಒಣಗಿದ್ದೇ ತಿಂದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ" ಎಂದು ಕನ್ನಡಕ ಮೇಲೇರಿಸಿಕೊಂಡು ಓದು ಮುಂದುವರಿಸಿದರು. ಅವರೊಡನೆ ಮಾತಿನಲ್ಲಿ ಗೆಲ್ಲುವುದು ನನ್ನಿಂದ ಆಗಿಲ್ಲ. ನಾನೂ ಮಾತಿನಲ್ಲಿ ಕಮ್ಮಿಯವಳಲ್ಲ, ಮೂಗಿನ ತುದಿಯಲ್ಲೇ ಕೋಪ ಇರುವವಳು.

ಬನ್ನಿನ ಕತೆಯೇ ಬೇರೆ. ಬನ್ನು ಭಟ್ಟಿಗೆ ಹೋಯಿತೆಂದರೆ ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆ. ಚರ್ಚಿನಲ್ಲಿ ಎಲ್ಲರೂ ಸೇರಿ ಹೇಳಿದರೆ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ಅತ್ತೆ ಹಾಗೆ ಹೇಳುವುದಿಲ್ಲ, ಸಾಲುಸಾಲಿಗೆ ನಿಲ್ಲುತ್ತಾರೆ. ದಿನದ ರೊಟ್ಟಿ ಕೇಳುವ ಸಾಲಿನಲ್ಲಿ ಆ ಬನ್ನು ತಿನ್ನಲಿರುವವರನ್ನೆಲ್ಲ ನೆನೆಯುತ್ತಾರೆ: ಆಸ್ಪತ್ರೆಯ ಮೇಲಿನ ವಾರ್ಡಿನವರು, ಶಾಲೆಗೆ ಓಡುತ್ತಲೇ ತಿನ್ನುವ ಮಕ್ಕಳು, ಹಲ್ಲಿಲ್ಲದೆ ಹಾಲಿನಲ್ಲಿ ಅದ್ದಿಕೊಳ್ಳುವ ಮೂಲೆಮನೆಯ ಅಜ್ಜ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಸಾಲು ಬಂದಾಗ, ತಮಗೆ ನೋವು ಮಾಡಿದವರನ್ನು ಒಬ್ಬೊಬ್ಬರಾಗಿ ಹೆಸರಿಸಿ ಬಿಟ್ಟುಬಿಡುತ್ತಾರೆ. "ಹಾಲಿನವನನ್ನು ಬಿಟ್ಟೆ. ಮೇಲಿನ ಮನೆ ಟೀಚರನ್ನು ಬಿಟ್ಟೆ. ಸೊಸೆಯನ್ನು ಬಿಟ್ಟೆ." ನಾನು ಅಲ್ಲೇ ಪಕ್ಕದಲ್ಲಿ ಟ್ರೇ ಉಜ್ಜುತ್ತಿರುತ್ತೇನೆ, ಅದಕ್ಕೆ ಅವರಿಗೇನೂ ಸಂಕೋಚವಿಲ್ಲ. ಎಲ್ಲರನ್ನೂ ಬಿಟ್ಟು ಆಮೆನ್ ಎನ್ನುವ ಹೊತ್ತಿಗೆ ಬನ್ನಿನ ನೆತ್ತಿ ಕೆಂಪಾಗಿರುತ್ತದೆ.

ತೊಡಕು ಇರುವುದೂ ಅಲ್ಲೇ. ಬಿಡದೆ ಬಿಟ್ಟೆ ಎನ್ನುವುದು ಅತ್ತೆಗೆ ಆಗದ ಕೆಲಸ. ಮನಸ್ಸು ಒಪ್ಪುವವರೆಗೂ ಆ ಸಾಲಿನಲ್ಲೇ ನಿಂತಿರುತ್ತಾರೆ. ಭಟ್ಟಿ ಮಾತ್ರ ಯಾರಿಗಾಗಿಯೂ ನಿಲ್ಲುವುದಿಲ್ಲ. ಆಮೆನ್ ಆಗುವ ಮೊದಲು ಬಾಗಿಲು ತೆಗೆಯುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟಳೆ. ಹೊತ್ತಿಗೆ ಮುಂಚೆ ಗಾಳಿ ತಗುಲಿದರೆ ಬನ್ನು ಕುಸಿಯುತ್ತದೆ ಎನ್ನುತ್ತಾರೆ ಅತ್ತೆ. ಹೀಗಾಗಿ ಅವರ ಮನಸ್ಸಿನ ಸ್ಥಿತಿ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬನ್ನು ಸ್ವಲ್ಪ ಕಂದಾಗಿದ್ದರೆ ಗಿರಾಕಿಗಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇವತ್ತು ಹಾಲಿನವನೋ, ಸೊಸೆಯೋ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಬಂದ ಮೊದಲ ವರ್ಷ ಬನ್ನು ಬಹಳ ಸಲ ಕಂದಾಗಿತ್ತು, ಅದನ್ನು ಮುಚ್ಚಿಡುವುದೇನಿದೆ.

ಕಂದಾಗುವುದು ಬೇರೆ, ಕರಕಲಾಗುವುದು ಬೇರೆ. ಕರಕಲು ಶುರುವಾದದ್ದು ಮಾವ ತೀರಿಕೊಂಡ ಮೇಲೆ, ಅತ್ತೆಯ ತಮ್ಮನ ದೆಸೆಯಿಂದ.

ಆ ತಮ್ಮನನ್ನು ನಾವು ಚಿಕ್ಕಮಾವ ಎನ್ನುತ್ತೇವೆ. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅತ್ತೆಯೇ. ನಾದುವುದು, ಉಂಡೆ ಕಟ್ಟುವುದು, ಉದ್ದ ಹಿಡಿಯ ಹಲಗೆಯಿಂದ ಟ್ರೇ ಒಳಗೆ ತಳ್ಳುವುದು, ಎಲ್ಲ ನಮ್ಮ ಅಂಗಡಿಯಲ್ಲೇ ಇಟ್ಟುಕೊಂಡು ಅವರೇ ಕಲಿಸಿದ್ದು. ಮಾವ ಸತ್ತಾಗ ಶವಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟವನೂ ಅವನೇ. ದುಃಖದಲ್ಲಿ ನಮ್ಮ ಅಂಗಡಿ ಕೆಲವು ದಿನ ಮುಚ್ಚಿತ್ತು. ಅತ್ತೆ ಮತ್ತೆ ಭಟ್ಟಿ ಹೊತ್ತಿಸುವ ಹೊತ್ತಿಗೆ ರಸ್ತೆಯಾಚೆ ಹೊಸ ಬೇಕರಿ ಬಾಗಿಲು ತೆರೆದಿತ್ತು. ಗಲ್ಲಾದಲ್ಲಿ ಚಿಕ್ಕಮಾವ ಕುಳಿತಿದ್ದ. ನಮ್ಮ ಮುಚ್ಚಿದ ಬಾಗಿಲ ಮುಂದೆ ಬಂದು ನಿಂತ ಗಿರಾಕಿಗಳಿಗೆ, "ಅಕ್ಕ ಇನ್ನು ಅಂಗಡಿ ತೆಗೆಯಲ್ಲ" ಎಂದು ಹೇಳಿ ಆಚೆಗೆ ಕರೆದೊಯ್ದಿದ್ದ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಅವತ್ತಿನಿಂದ ನಾನು ಅವನ ವಿಷಯ ಬಂದರೆ ಬಹುವಚನ ಬಿಟ್ಟೆ.

ಅತ್ತೆ ಜಗಳಕ್ಕೆ ಹೋಗಲಿಲ್ಲ. ಬನ್ನು ಭಟ್ಟಿಗೆ ತಳ್ಳಿ ಪ್ರಾರ್ಥನೆ ಶುರುಮಾಡಿದರು. ರೊಟ್ಟಿಯ ಸಾಲು ದಾಟಿತು. ಕ್ಷಮೆಯ ಸಾಲಿನಲ್ಲಿ ನಿಂತರು. "ನನ್ನ ತಮ್ಮನನ್ನು..." ಎಂದರು. ಮುಂದಿನ ಮಾತು ಬರಲೇ ಇಲ್ಲ. ಕೋಣೆಯ ತುಂಬ ಹೊಗೆ ಬಂದು ನನ್ನ ಗಂಡ ಅಂಗಡಿಯಿಂದ ಓಡಿಬಂದ. ಹೊಗೆ ತಡೆಯಲಾರದೆ ಅವನೇ ಭಟ್ಟಿಯ ಬಾಗಿಲು ತೆಗೆದಾಗ ಟ್ರೇಯಲ್ಲಿದ್ದದ್ದು ಬನ್ನಲ್ಲ, ಇದ್ದಲು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ರಸ್ಕು ಸರಿ, ಬ್ರೆಡ್ಡು ಸರಿ, ಬನ್ನು ಮಾತ್ರ ಕರಕಲು. ನಮ್ಮ ಅಂಗಡಿ ನಡೆಯುವುದೇ ಬನ್ನಿನಿಂದ. ಅದರಲ್ಲೂ ಆಸ್ಪತ್ರೆಯ ರೋಗಿಗಳ ಬೆಳಗಿನ ತಿಂಡಿಗೆ ಹೋಗುವ ಬನ್ನು ನಮ್ಮ ಬೆನ್ನೆಲುಬು. ಪೂರ್ತಿ ಇದ್ದಲಾಗದೆ ಅಡಿ ಮಾತ್ರ ಸುಟ್ಟದ್ದನ್ನು ಆರಿಸಿ ಕೆರೆದು, ಮೇಲೆ ಬೆಣ್ಣೆ ಸವರಿ ಕಳಿಸಿದೆವು. ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಹೆಂಗಸು ಒಳ್ಳೆಯವಳು. ಬಹಳ ದಿನ ಸಹಿಸಿಕೊಂಡು, ಕೊನೆಗೆ ತಾನೇ ಅಂಗಡಿಗೆ ಬಂದಳು.

"ಅಮ್ಮ, ರೋಗಿಗಳು ತಿನ್ನೋದು. ಹೀಗೇ ಆದ್ರೆ ನಾನು ಎದುರಿನ ಅಂಗಡಿಗೆ ಹೇಳಬೇಕಾಗುತ್ತೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

"ನೀನು ಹೇಳೋದು ಸರಿಯಾಗೇ ಇದೆಯಮ್ಮ" ಎಂದರು ಅತ್ತೆ.

ಅವಳು ಹೋದ ಮೇಲೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಸಾಲನ್ನು ಹಾರಿಸಿ, ಬೇರೆ ಕೀರ್ತನೆ ಹೇಳಿ, ಇಲ್ಲವೇ ನನಗೆ ಬಾಗಿಲು ತೆಗೆಯಲು ಬಿಡಿ, ಅಂಗಡಿ ಮುಳುಗಿಸಿ ಯಾವ ಸ್ವರ್ಗಕ್ಕೆ ಹೋಗುತ್ತೀರಿ ಎಂದೆ. ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ಅಷ್ಟು ವರ್ಷ ಆ ಸಾಲು ಹೇಳ್ಕೊಂಡೇ ಬನ್ನು ಬೇಯಿಸಿದ್ದೀನಿ. ಈಗ ಕಷ್ಟ ಆಯ್ತು ಅಂತ ಹಾರಿಸಿದ್ರೆ, ಸುಲಭ ಇದ್ದಾಗ ಹೇಳಿದ್ದಕ್ಕೆ ಏನರ್ಥ?"

"ಹಾಗಾದ್ರೆ ಬಿಟ್ಟೆ ಅಂದುಬಿಡಿ. ಬಾಯಿಮಾತಿಗೆ ಏನು ಖರ್ಚು?"

"ಬಾಯಿಮಾತು ದೇವರಿಗೆ ಯಾಕೆ?" ಎಂದರು. ಆಮೇಲೆ ನನ್ನ ಮುಖ ನೋಡಿ, ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ತಟ್ಟಿ, "ಬರುತ್ತೆ ಕಣಮ್ಮ. ಆ ಮಾತು ಬಂದೇ ಬರುತ್ತೆ. ನಾನು ಸುಳ್ಳು ಹೇಳಲ್ಲ, ಆತನೂ ನನ್ನನ್ನ ಸುಮ್ನೆ ಬಿಡಲ್ಲ. ಎಷ್ಟು ದಿನ ಅಂತ ಇಬ್ಬರೂ ಹಟ ಮಾಡ್ತೀವಿ?" ಎಂದರು. ಇಂಥ ಧೈರ್ಯ ಎಲ್ಲಿಂದ ಬರುತ್ತದೋ. ನನಗಂತೂ ಅಳು ಬಂದಿತ್ತು.

ಧೈರ್ಯವಿದ್ದರೂ ಅವರೇನು ದೇವತೆಯಾಗಿರಲಿಲ್ಲ. ಆ ದಿನಗಳಲ್ಲಿ ಬೆಳಗಿನ ಓದಿಗೆ, ಶತ್ರುಗಳ ಹಲ್ಲು ಮುರಿ ಎಂದು ದೇವರನ್ನು ಕೇಳುವ ಕೀರ್ತನೆಗಳು ಸರದಿಯಲ್ಲಿ ಬಂದವು. ಅತ್ತೆ ಓದನ್ನು ಆರಿಸಿಕೊಳ್ಳುವವರಲ್ಲ, ಬಂದದ್ದನ್ನು ಬಂದ ಹಾಗೆ ಓದುವವರು. ಆದರೆ ಅಂದು ಓದಿದ ಹುರುಪೇ ಬೇರೆ. ರಸ್ತೆಯಾಚೆಗೂ ಕೇಳಿಸಲಿ ಎಂಬಂತೆ ಓದಿ, ಒಂದೆರಡು ಸಾಲನ್ನು ಮತ್ತೆ ಓದಿ, ಪುಸ್ತಕ ಮುಚ್ಚಿ, "ಇವತ್ತು ಮನಸ್ಸಿಗೆ ತಂಪಾಯ್ತು" ಎಂದರು. ನಾನು ಬಾಗಿಲಿಗೆ ಒರಗಿ ನಕ್ಕೂ ನಕ್ಕೂ ಸುಸ್ತಾದೆ. ಅವರೂ ನಕ್ಕರು. ಬನ್ನು ಅಂದೂ ಕರಕಲಾಯಿತು.

ಪಾಸ್ಟರಿಗೂ ಸುದ್ದಿ ಮುಟ್ಟಿತು. ಬಂದು ಚಹಾ ಕುಡಿದು, "ಅಮ್ಮ, ಕ್ಷಮೆ ಅನ್ನೋದು ನಿಧಾನಕ್ಕೆ ಆಗೋದು. ಅಲ್ಲಿವರೆಗೆ ಬನ್ನಿಗೆ ಬೇರೆ ಪ್ರಾರ್ಥನೆ ಇಟ್ಕೊಳ್ಳಿ, ತಪ್ಪೇನಿಲ್ಲ" ಎಂದರು.

"ತಪ್ಪಿಲ್ಲ ಅಂತ ನನಗೂ ಗೊತ್ತು, ಪಾಸ್ಟರೇ. ಆದ್ರೆ ಹೊಗೆ ಬರ್ತಾ ಇರೋದಕ್ಕೇ ನನಗೆ ದಿನಾ ಅವನ ನೆನಪಾಗ್ತಿದೆ. ಹೊಗೆ ನಿಂತ್ರೆ ನಾನು ಅವನನ್ನ ಮರೆತು ಹಾಯಾಗಿರ್ತೀನಿ. ಮರೆಯೋದು ಬೇರೆ, ಬಿಡೋದು ಬೇರೆ ಅಲ್ವಾ?"

ಪಾಸ್ಟರು, ತಾವು ಬಂದ ದಾರಿಗೆ ಸುಂಕವಿಲ್ಲವೆಂದು ಗೊತ್ತಾಗಿ ಅಲ್ಲೇ ಪ್ರಾರ್ಥನೆ ಮಾಡಿ, ಅಡಿ ಕರಕಲಾದ ಬನ್ನು ಒಂದಿಷ್ಟು ಕೊಂಡು ಹೋದರು.

ಆಸ್ಪತ್ರೆಯ ಕೆಲಸ ನಮ್ಮ ಕೈತಪ್ಪಿ ರಸ್ತೆಯಾಚೆ ಹೋಯಿತು. ನನ್ನ ಗಂಡ ಬೇರೆ ಕಡೆ ಕೆಲಸ ಹುಡುಕುವ ಮಾತು ತೆಗೆದ. ಅತ್ತೆ ಅವನಿಗೂ ಅದೇ ಹೇಳಿದರು, ಬರುತ್ತೆ ಎಂದು. ಅಂಗಡಿ ಉಳಿಯುವುದಾದರೆ ಆ ಒಂದು ಮಾತು ಬಂದೇ ಉಳಿಯಬೇಕಿತ್ತು, ಮಾತು ಬರುವ ಲಕ್ಷಣ ಕಾಣುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ನಾವು ಭಟ್ಟಿ ಕಾಯಿಸಿ, ಬನ್ನಿನ ಟ್ರೇಗಳನ್ನು ಸಿದ್ಧಮಾಡುತ್ತಿದ್ದೆವು. ಹಿಂಬಾಗಿಲಲ್ಲಿ ತಳ್ಳುಗಾಡಿಯ ಸದ್ದಾಯಿತು. ನೋಡಿದರೆ ಚಿಕ್ಕಮಾವ. ಕೂದಲ ತುಂಬ ಇಟ್ಟಿಗೆ ಪುಡಿ. ಗಾಡಿಯ ಮೇಲೆ ಒದ್ದೆಬಟ್ಟೆ ಮುಚ್ಚಿದ ಟ್ರೇಗಳು. ಅವನ ಹೊಸ ಭಟ್ಟಿಯ ಕಮಾನು ನಸುಕಿನಲ್ಲಿ ಕುಸಿದುಬಿದ್ದಿತ್ತು. ಆಸ್ಪತ್ರೆಗೆ ಹೋಗಬೇಕಾದ ಬನ್ನು ಬೇಯದೆ ಕುಳಿತಿತ್ತು.

"ಅಕ್ಕ" ಎಂದ. ಹೊಸ್ತಿಲಾಚೆಯೇ ನಿಂತಿದ್ದ. "ಹಿಟ್ಟು ಉಬ್ಬಿ ನಿಂತಿದೆ. ಇನ್ನು ಕಾಯಲ್ಲ."

ನನಗೆ ಹೊಟ್ಟೆ ತಣ್ಣಗಾಯಿತು ಎಂದು ಹೇಳಿಬಿಡುತ್ತೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಬೇರೆ ಭಟ್ಟಿ ನೋಡಿಕೋ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ಅವನನ್ನು ದಾಟಿ ಗಾಡಿಯ ಹತ್ತಿರ ಹೋದರು. ಅವನ ಮುಖ ನೋಡಲಿಲ್ಲ. ಬಟ್ಟೆ ಸರಿಸಿ, ಒಂದು ಬನ್ನನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿದರು. ಕುಳಿ ನಿಧಾನವಾಗಿ ಮೇಲೆದ್ದಿತು.

"ಹಿಟ್ಟು ಏನು ತಪ್ಪು ಮಾಡಿದೆ?" ಎಂದರು. "ಒಳಗೆ ತಾ."

ನಮ್ಮ ಬನ್ನನ್ನು ಪಕ್ಕಕ್ಕಿಟ್ಟು ಅವನದನ್ನು ಭಟ್ಟಿಗೆ ತಳ್ಳಿದರು. ಬಾಗಿಲು ಹಾಕಿ, ಕೈ ಒರೆಸಿಕೊಂಡು, ಕಣ್ಣು ಮುಚ್ಚಿದರು. ಆಗಲೇ ನನಗೆ ಹೊಳೆದದ್ದು. ಕ್ಷಮೆಯ ಸಾಲಿನಲ್ಲಿ ಅತ್ತೆ ಇಂದೂ ನಿಂತರೆ ಸುಡುವುದು ಅವನ ಬನ್ನು. ಆಸ್ಪತ್ರೆಯ ಕೆಲಸ ಅವನ ಕೈಯಿಂದಲೂ ಹೋಗುತ್ತದೆ. ಅತ್ತೆ ಬೆರಳೂ ಎತ್ತಬೇಕಾಗಿಲ್ಲ, ಎಂದಿನ ಹಾಗೆ ಸುಮ್ಮನೆ ನಿಂತರೆ ಸಾಕು. ಯಾರೂ ಅವರನ್ನು ತಪ್ಪು ಎನ್ನುವಂತಿಲ್ಲ. ಚಿಕ್ಕಮಾವನಿಗೂ ಇದು ಹೊಳೆದಿತ್ತು. ಆ ಭಟ್ಟಿಯ ಮುಂದೆ ಬೆಳೆದವನು, ಅವನಿಗೆ ಹೊಳೆಯದೆ ಇರುತ್ತದೆಯೇ.

ರೊಟ್ಟಿಯ ಸಾಲು ಬಂತು. ಅತ್ತೆ ಆಸ್ಪತ್ರೆಯ ಮೇಲಿನ ವಾರ್ಡಿನವರನ್ನು ನೆನೆದರು. ಆ ಕೆಲಸ ನಮ್ಮ ಕೈಬಿಟ್ಟ ಮೇಲೂ ಅವರನ್ನು ನೆನೆಯುವುದನ್ನು ಬಿಟ್ಟಿರಲಿಲ್ಲ. ಮುಂದಿನ ಸಾಲು ಬಂತು. "ನನ್ನ ತಮ್ಮನನ್ನು..." ಎಂದು ನಿಂತರು.

ತಮ್ಮ ಎದುರಿಗೇ ನಿಂತಿದ್ದ.

ಮೊದಲು ಬೆಂದ ಹಿಟ್ಟಿನ ಸಿಹಿ ಘಮ ಬಂತು. ಅತ್ತೆಯ ತುಟಿ ಅಲುಗಿತು, ಮಾತು ಬರಲಿಲ್ಲ. ಘಮ ಗಾಢವಾಯಿತು. ಇನ್ನು ಸ್ವಲ್ಪ ಹೊತ್ತಾದರೆ ಅದು ಸೀದ ವಾಸನೆಯಾಗುತ್ತದೆಂದು ಮೂವರಿಗೂ ಗೊತ್ತಿತ್ತು. ಚಿಕ್ಕಮಾವನ ಕೈ ತಾನಾಗಿ ಬಾಗಿಲ ಹಿಡಿಯ ಕಡೆ ಹೋಗಿ, ಅರ್ಧದಲ್ಲೇ ನಿಂತಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಸುಟ್ರೆ ಸುಡ್ಲಿ, ಅಕ್ಕ" ಎಂದ. "ನನಗೋಸ್ಕರ ಸುಳ್ಳು ಹೇಳ್ಬೇಡ."

ಅತ್ತೆ ಕಣ್ಣು ತೆರೆದರು. ಆಮೆನ್ ಎನ್ನದೆ, ಸಾಲು ಮುಗಿಸದೆ, ಭಟ್ಟಿಯ ಬಾಗಿಲನ್ನು ಎಳೆದು ತೆಗೆದರು. ಅತ್ತೆ ತಾವಾಗಿ ಹಾಗೆ ಮಾಡಿದ್ದನ್ನು ನಾನು ಈ ಮನೆಗೆ ಬಂದಮೇಲೆ ನೋಡಿರಲಿಲ್ಲ. ಹಲಗೆ ಒಳಗೆ ಹಾಕಿ ಒಂದೊಂದೇ ಟ್ರೇ ಹೊರಗೆಳೆದರು. ಬನ್ನು ಹೊಂಬಣ್ಣಕ್ಕೆ ಬಂದಿತ್ತು, ಒಂದರ ಅಂಚೂ ಕಂದಿರಲಿಲ್ಲ.

"ನೋಡ್ತಾ ನಿಂತ್ಕೋಬೇಡ, ಬೆಣ್ಣೆ ಸವರು" ಎಂದರು ಅವನಿಗೆ. "ಆರಿದ ಮೇಲೆ ಸವರಿದ್ರೆ ಹಿಡಿಯಲ್ಲ ಅಂತ ಎಷ್ಟು ಸಲ ಹೇಳಿದ್ದೀನಿ?"

ಅವನು ಅಳುತ್ತಲೇ ಸವರಿದ. ಅತ್ತೆ ಗಾಡಿಗೆ ಟ್ರೇ ಏರಿಸಲು ಕೈಕೊಟ್ಟು, ಬಟ್ಟೆ ಮುಚ್ಚಿ, ತುದಿ ಸಿಕ್ಕಿಸಿ, "ಹೋಗು, ರೋಗಿಗಳು ಕಾಯ್ತಿರ್ತಾರೆ" ಎಂದರು. ಗಾಡಿ ಓಣಿಯ ತಿರುವಿನಲ್ಲಿ ಮರೆಯಾಯಿತು.

ಆಮೇಲೆ ನಮ್ಮ ಬನ್ನು ಭಟ್ಟಿಗೆ ಹೋಯಿತು. ಅತ್ತೆ ಮೊದಲಿಂದ ಪ್ರಾರ್ಥನೆ ಶುರುಮಾಡಿದರು. ಅಂದು ನಾನು ಟ್ರೇ ಉಜ್ಜಲಿಲ್ಲ, ಕೈಕಟ್ಟಿ ನಿಂತೆ. ಆ ಸಾಲು ಬಂತು. "ನನ್ನ ತಮ್ಮನನ್ನು ಬಿಟ್ಟೆ" ಎಂದರು. ಅಷ್ಟೇ. ಹಾಲಿನವನನ್ನು ಬಿಡುವಷ್ಟೇ ಸಲೀಸಾಗಿ. ಕಾಲಿಗೆ ಕಟ್ಟಿದ್ದ ಕಲ್ಲು ಬಿಚ್ಚಿದ ಹಾಗೆ ನಾಲಿಗೆ ಮುಂದಿನ ಸಾಲುಗಳ ಮೇಲೆ ಓಡಿತು, ಆಮೆನ್ ಆಯಿತು, ಬಾಗಿಲು ತೆಗೆದರು.

ಬನ್ನು ಬೆಳ್ಳಗಿತ್ತು. ಹಸಿಹಸಿ. ಅದನ್ನು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಮೊದಲು ನಕ್ಕೆ. ಇಷ್ಟು ದಿನ ಕ್ಷಮಿಸಲಾರದೆ ಬನ್ನು ಸುಟ್ಟ ಹೆಂಗಸು ಈಗ ಕ್ಷಮಿಸಿದ ರಭಸಕ್ಕೆ ಬನ್ನು ಬೇಯಿಸುವುದನ್ನೇ ಮರೆತಿದ್ದರು. ಪುಣ್ಯಕ್ಕೆ ಅದು ಕುಸಿದಿರಲಿಲ್ಲ. ಅತ್ತೆ ಟ್ರೇಯನ್ನು ಮತ್ತೆ ಒಳಗೆ ತಳ್ಳಿ ಬಾಗಿಲು ಹಾಕಿದರು.

"ಇನ್ನು ಯಾರನ್ನ ಬಿಡ್ತೀರಿ, ಅತ್ತೆ? ನಾನು ಇವತ್ತು ಏನೂ ಮಾಡಿಲ್ಲ" ಎಂದೆ.

ಅವರು ನಗಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಯೋಚಿಸುತ್ತ ನಿಂತರು.

"ಆ ಸಾಲಿನಲ್ಲಿ ಇನ್ನೊಂದು ಕಡೆ ಇದೆ ಅಲ್ವಾ" ಎಂದರು ಮೆಲ್ಲಗೆ. "ನಮ್ಮನ್ನೂ ಬಿಡು ಅಂತ. ನಾನು ಅದನ್ನ ಸುಮ್ನೆ ಹೇಳ್ಕೊಂಡು ಬಂದೆ. ಅಲ್ಲಿ ಒಂದು ದಿನಾನೂ ನಿಲ್ಲಲಿಲ್ಲ."

ಅಂದು ನಿಂತರು. ಕಣ್ಣು ಮುಚ್ಚಿ, ಎಂದಿನ ದನಿಯಲ್ಲೇ, ನಾನು ಪಕ್ಕದಲ್ಲಿದ್ದೇನೆಂಬ ಸಂಕೋಚವಿಲ್ಲದೆ ಹೇಳುತ್ತ ಹೋದರು. ತಮ್ಮನನ್ನು ಮನೆಯ ಮಗನೆಂದು ಊರಿಗೆಲ್ಲ ಹೇಳಿ, ಅಂಗಡಿಯಲ್ಲಿ ಆಳಿನ ಹಾಗೆ ಇಟ್ಟುಕೊಂಡದ್ದು. ಅವನು ತನ್ನದೇ ಬುದ್ಧಿಯಿಂದ ಹೊಸ ಬಗೆಯ ಬ್ರೆಡ್ಡು ಮಾಡಿ ತಂದಾಗ ಗಿರಾಕಿಗಳ ಮುಂದೆ ನಕ್ಕದ್ದು. ತಲೆ ನರೆಯಲು ಶುರುವಾದ ಮೇಲೂ ಅವನನ್ನು "ಲೋ ಹುಡುಗ" ಎಂದೇ ಕರೆದದ್ದು. ಕೊನೆಯದನ್ನು ಹೇಳುವಾಗ ದನಿ ಇಳಿಯಿತು. ಮಾವ ಕಾಯಿಲೆ ಬೀಳುವ ಮೊದಲೇ ಅವನು ಬೇರೆ ಅಂಗಡಿ ಮಾಡುತ್ತೇನೆಂದು ಹೇಳಲು ಬಂದಿದ್ದ. ಅಕ್ಕ, ಒಂದು ಮಾತು, ಎಂದಿದ್ದ. ಅತ್ತೆ, ಬನ್ನು ಭಟ್ಟಿಯಲ್ಲಿದೆ, ಈಗ ಪ್ರಾರ್ಥನೆ, ಆಮೇಲೆ, ಎಂದಿದ್ದರು. ಅವನು ಮತ್ತೊಮ್ಮೆ ಬಂದ. ಆಗಲೂ ಅದನ್ನೇ ಎಂದಿದ್ದರು.

"ಅವನ ಮಾತು ಕೇಳಬಾರದು ಅಂತಲೇ ನಿನ್ನ ಪ್ರಾರ್ಥನೇನ ಅಡ್ಡ ಇಟ್ಟೆ, ಕರ್ತನೇ" ಎಂದರು. "ಅದನ್ನ ಬಿಡು."

ನನಗೆ ನಿಂತಲ್ಲೇ ಕಣ್ಣು ತುಂಬಿತು. ಅವರ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು. ಅತ್ತೆ ಆಮೆನ್ ಎಂದು ಬಾಗಿಲು ತೆಗೆದರು. ಬನ್ನು ಸರಿಯಾಗಿ ಬೆಂದಿತ್ತು.

ಟ್ರೇ ಹೊರಗೆಳೆದು ಮೇಜಿನ ಮೇಲಿಟ್ಟರು. ಒಂದು ಬನ್ನನ್ನೂ ಮುಟ್ಟಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ, ಕೈಯ ಹಿಟ್ಟನ್ನೂ ತೊಳೆಯದೆ ಮುಂಬಾಗಿಲ ಕಡೆ ನಡೆದರು. ರಸ್ತೆಯಾಚೆ ಚಿಕ್ಕಮಾವನ ಖಾಲಿ ಗಾಡಿ ಆಗಲೇ ಬಂದು ನಿಂತಿತ್ತು.

"ಬೆಣ್ಣೆ ಸವರೋದು ಯಾರು, ಅತ್ತೆ? ಆರಿಹೋಗುತ್ತೆ" ಎಂದೆ.

"ನೀನೇ ಸವರು" ಎಂದು ಹೇಳಿ, ಅತ್ತೆ ರಸ್ತೆ ದಾಟಿ ತಮ್ಮನ ಅಂಗಡಿಗೆ ಹೋದರು.